ಕೆನಡಾ ಮಾರ್ಗವಾಗಿ ಬೌರಿಂಗ್‌ಪೇಟೆ

ದ್ವಾರಕಾನಾಥ ಆ ಮ್ಯಾಪನ್ನು ಕೊಂಡದ್ದು ಗೋಡೆಯಲ್ಲಿದ್ದ ಒಂದು ತೂತನ್ನು ಮುಚ್ಚುವುದಕ್ಕೆ. ಇತಿಹಾಸದ ಮೇಲಿನ ಪ್ರೀತಿಯಿಂದಲ್ಲ, ಕನ್ನಡನಾಡಿನ ಅಭಿಮಾನದಿಂದಲೂ ಅಲ್ಲ. ಮುಂದೆ ಅವನು ನಾಲ್ಕು ಜನರೆದುರು ಹೇಳಿಕೊಂಡ ಕಾರಣಗಳನ್ನೆಲ್ಲ ನಾನು ಕೂತು ಕೇಳಿದ್ದೇನೆ. ತೂತಿನ ವಿಷಯ ಯಾವುದರಲ್ಲೂ ಬರಲಿಲ್ಲ. ಆದ್ದರಿಂದ ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಶಿಕಾಗೋ ಹತ್ತಿರದ ವುಡ್‌ರಿಡ್ಜ್‌ನಲ್ಲಿ ನಾವಿಬ್ಬರೂ ಒಂದೇ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿದ್ದೆವು. ಕೆಳಗೆ ಅವನು, ಅವನ ಹೆಂಡತಿ ಲತಾಶ್ರೀ. ಮೇಲೆ ನಾನು, ಮಂಜುನಾಥ, ಒಬ್ಬನೇ. ಒಬ್ಬನೇ ಇರುವವನ ಮೂಗಿಗೆ ಕೆಳಗಿನಿಂದ ಸಾರಿನ ಒಗ್ಗರಣೆಯ ವಾಸನೆ ಬಂದರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ. ಅರ್ಧ ವಾರ ನನ್ನ ಊಟ ಅಲ್ಲೇ. ಹಾಗಾಗಿ ನಡೆದದ್ದಕ್ಕೆಲ್ಲ ನಾನು ಪ್ರತ್ಯಕ್ಷ ಸಾಕ್ಷಿ. ಅನ್ನದ ಋಣದಿಂದ ಬಾಯಿ ಮುಚ್ಚಿಕೊಂಡಿದ್ದ ಸಾಕ್ಷಿ.

ದ್ವಾರಕಾನಾಥ ಕೂಲಿಂಗ್ ಟವರ್ ಮಾಡುವ ಕಂಪನಿಯೊಂದರಲ್ಲಿ ಇಂಜಿನಿಯರ್. ನಂಜನಗೂಡಿನ ಕಡೆಯವನು. ಗ್ರೀನ್ ಕಾರ್ಡಿಗೆ ಅಪ್ಲೈ ಮಾಡಿ ಕಾಯುತ್ತಿದ್ದ. "ಅದು ಕೈಗೆ ಬರೋವರೆಗೂ ದೇಶದಿಂದ ಆಚೆ ಕಾಲಿಡಬೇಡ" ಎಂದು ವಕೀಲ ಎಚ್ಚರಿಸಿದ್ದ. ಬೀಡಿ ಸಿಗರೇಟಿಲ್ಲ, ಕೋಪ ತಾಪವಿಲ್ಲ. ಇದ್ದ ಜಂಬ ಒಂದೇ, ದಿಕ್ಕು.

"ನನ್ನ ಕಣ್ಣು ಕಟ್ಟಿ, ಗಿರಗಿರ ತಿರುಗಿಸಿ ಬಿಡಿ. ಉತ್ತರ ಯಾವ ಕಡೆ ಅಂತ ಕರೆಕ್ಟಾಗಿ ತೋರಿಸ್ತೀನಿ" ಎನ್ನುತ್ತಿದ್ದ. ಯಾರೂ ಕಟ್ಟಿ ನೋಡಿರಲಿಲ್ಲವಾದ್ದರಿಂದ ಆ ಮಾತು ಊರ್ಜಿತವಾಗಿಯೇ ಉಳಿದಿತ್ತು. ಆಗಿನ್ನೂ 1999. ಇಂಟರ್ನೆಟ್ಟಿನಿಂದ ದಾರಿ ಪ್ರಿಂಟ್ ಮಾಡಿಕೊಂಡು, ಕಾಗದ ಸ್ಟಿಯರಿಂಗಿಗೆ ಒತ್ತಿ ಹಿಡಿದು ಡ್ರೈವ್ ಮಾಡುವವರನ್ನು ಕಂಡರೆ ಅವನಿಗೆ ಕನಿಕರ ಉಕ್ಕುತ್ತಿತ್ತು.

ಆ ಮೇ ತಿಂಗಳಲ್ಲಿ ಲತಾಶ್ರೀಯ ತಾಯಿ ಸಾಕಮ್ಮನವರು ಬಂಗಾರಪೇಟೆಯಿಂದ ಬಂದಿಳಿದರು. ಬಂದ ದಿನದಿಂದ ಅಳಿಯನ ವಂಶದ ಬಗ್ಗೆ ವಿಚಾರಣೆ ಶುರುವಾಯಿತು. "ನಮ್ಮ ತಂದೆ ರೈಲ್ವೇಲಿ ಇದ್ರು. ಅವರ ಕೆಲಸ ಮುಗಿಯೋವರೆಗೂ ಬಂಗಾರಪೇಟೆ ಜಂಕ್ಷನ್‌ನಲ್ಲಿ ಗಾರ್ಡು ಹಸಿರು ಬಾವುಟ ಎತ್ತುತಿರಲಿಲ್ಲ. ಅಂಥ ಗತ್ತು! ನಿಮ್ಮ ಕಡೆಯೋರು ಏನ್ಮಾಡ್ತಿದ್ರು ಅಳಿಯಂದ್ರೇ?" ಎಂದು ದಿನಕ್ಕೊಮ್ಮೆಯಾದರೂ ಕೇಳುವರು. ದ್ವಾರಕಾನಾಥನಿಗೆ ತನ್ನ ಅಜ್ಜನ ಹೆಸರೇ ಅರ್ಧ ನೆನಪು. "ಜಮೀನಿತ್ತು" ಎನ್ನುವನು. "ಎಷ್ಟು?" ಎಂದರೆ ಬಾತ್‌ರೂಮಿಗೆ ಹೋಗುವನು.

ಇಂಥ ಒಂದು ಶನಿವಾರ, ಅತ್ತೆಗೆ ಮಂಡಿನೋವು, ಹೆಂಡತಿ ತರಕಾರಿ ತರಲು ಹೋಗಿದ್ದಾಳೆ, ಸೋಫಾದ ಮೇಲ್ಗಡೆ ಗೋಡೆಯ ತೂತು ಬಾಯಿ ಬಿಟ್ಟುಕೊಂಡಿದೆ. ದ್ವಾರಕಾನಾಥ ಹತ್ತಿರದ ವೆಸ್ಟ್‌ಮಂಟಿನಲ್ಲಿ, ಮನೆಯ ಹಳೇ ಸಾಮಾನು ಅಂಗಳದಲ್ಲಿಟ್ಟು ಮಾರುವ ಒಂದು ಗರಾಜ್ ಸೇಲಿಗೆ ಹೋದ. ಅಲ್ಲಿ ಮುದುಕಿಯೊಬ್ಬಳು ಹುಲ್ಲು ಕತ್ತರಿಸುವ ಮೆಷಿನ್ನಿಗೆ ಒರಗಿಸಿಟ್ಟಿದ್ದ ದೊಡ್ಡ ಗಾಜಿನ ಫ್ರೇಮು ತೂತಿನ ಅಳತೆಗೆ ಸರಿಯಾಗಿತ್ತು. ಒಳಗೇನಿದೆ ಅಂತಲೂ ನೋಡದೆ ತಂದ. ಮನೆಯಲ್ಲಿ ಧೂಳು ಒರೆಸಿದಾಗ ಮೈಸೂರು ಸಂಸ್ಥಾನ ಎದ್ದು ಬಂತು! ಯಾವುದೋ ಇಂಗ್ಲಿಷ್ ಅಟ್ಲಾಸಿನಿಂದ ಕಿತ್ತ ಹಾಳೆ. ಮೂಲೆಯಲ್ಲಿ 1897.

"ಏನಪ್ಪಾ ಇದು?" ಎಂದರು ಸಾಕಮ್ಮನವರು, ಮಂಡಿಗೆ ಎಣ್ಣೆ ತಿಕ್ಕುತ್ತಾ.

"ಮೈಸೂರು ಸೀಮೆ ಮ್ಯಾಪು ಅತ್ತೆ."

"ಯಾರದು?"

ನಿಜ ಹೇಳಲು ಅವನು ಬಾಯಿ ತೆರೆದದ್ದು ಹೌದು. ಆದರೆ ಬಾಯಿಂದ ಬಂದದ್ದು, "ನಮ್ಮ ಮುತ್ತಾತಂದು. ಸರ್ವೇಲಿದ್ರು. ಊರಿಂದ ಪಾರ್ಸೆಲ್ ಬಂತು."

ಎಣ್ಣೆ ತಿಕ್ಕುವ ಕೈ ನಿಂತಿತು. ಮೊದಲ ಬಾರಿಗೆ ಅತ್ತೆ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು. ಲತಾಶ್ರೀ ಬಂದ ಮೇಲೆ ವಿಷಯ ಕೇಳಿ ಗಂಡನ ಕಡೆ ತಿರುಗಿ, "ಯಾವ ಮುತ್ತಾತ ರೀ?" ಎಂದಳು. ಅವನು ಕಣ್ಣಲ್ಲೇ ಕೈ ಮುಗಿದ. ತಾಯಿಯ ಎದುರು ಗಂಡನಿಗೆ ಅಷ್ಟಾದರೂ ಮರ್ಯಾದೆ ಬಂತಲ್ಲ ಎಂದು ಅವಳೂ ಸುಮ್ಮನಾದಳು.

ಆದರೆ ಸುಮ್ಮನಿರುವುದು ಸಾಕಮ್ಮನವರ ಜಾತಕದಲ್ಲಿ ಬರೆದಿರಲಿಲ್ಲ. ಫೋನಿನಲ್ಲಿ, ದೇವಸ್ಥಾನದಲ್ಲಿ, ಇಂಡಿಯನ್ ಅಂಗಡಿಯ ಬೇಳೆ ಸಾಲಿನಲ್ಲಿ, ಸಿಕ್ಕ ಕನ್ನಡಿಗರಿಗೆಲ್ಲ ಹೇಳಿದರು. ವಾರ ಕಳೆಯುವುದರೊಳಗೆ ಜನ ಮ್ಯಾಪ್ ನೋಡಲು ಬರತೊಡಗಿದರು. ಬಂದವರಿಗೆ ಒಂದು ಕಥೆ ಬೇಕಲ್ಲ? ಮುತ್ತಾತ ಬೆಳೆಯತೊಡಗಿದ. ಮೊದಲ ವಾರ ಸರ್ವೆ ಚೈನು ಹಿಡಿಯುತ್ತಿದ್ದವನು ಎರಡನೇ ವಾರ ಸರ್ವೇಯರ್ ಆದ. ಜೂನ್ ಕೊನೆಗೆ ಮ್ಯಾಪನ್ನು ಬರೆದವನೇ ಅವನಾದ. ಜುಲೈಗೆ ಆನೆ ಹತ್ತಿದ. ಕಾಕನಕೋಟೆ ಕಾಡಿನಲ್ಲಿ ಹುಲಿಯೊಂದು ಎದುರಾದ ದಿನ ಮಾತ್ರ ನಾನು ಸಾರು ಬಡಿಸಿಕೊಳ್ಳುತ್ತಾ ಕೆಮ್ಮಿಬಿಟ್ಟೆ.

ಬಂದವರೆಲ್ಲ ಮಾಡುತ್ತಿದ್ದದ್ದು ಒಂದೇ ಕೆಲಸ. ಕನ್ನಡಕ ಸರಿ ಮಾಡಿಕೊಂಡು ತಮ್ಮೂರು ಹುಡುಕುವುದು. ಸಿಕ್ಕಿದರೆ ಗಾಜಿನ ಮೇಲೆ ಬೆರಳೊತ್ತಿ, "ಇಲ್ಲಿ! ಇಲ್ಲೇ ಕಣೇ!" ಎಂದು ಹೆಂಡತಿಯನ್ನು ಕೂಗುವುದು. ಮಕ್ಕಳು, "ವೇರ್? ದಟ್ ಡಾಟ್?" ಎಂದು ಟಿವಿಯ ಕಡೆ ಹೋಗುವುದು. ಸಂಜೆಯ ಹೊತ್ತಿಗೆ ಮೈಸೂರು ಸಂಸ್ಥಾನದ ಮೇಲೆಲ್ಲ ಬೋಂಡಾದ ಎಣ್ಣೆ ಗುರುತು.

ವೆಸ್ಟ್‌ಮಂಟಿನಲ್ಲಿ ಕಾರು ರಿಪೇರಿ ಶೆಡ್ ನಡೆಸುವ ಅಸ್ಲಂ ಅಂಕಲ್, ತಾಹೇರಾ ಆಂಟಿಯ ಜೊತೆ ಬಂದ ದಿನ ದ್ವಾರಕಾನಾಥನ ಹಣೆಯಲ್ಲಿ ಬೆವರು. ಗರಾಜ್ ಸೇಲ್ ಇಟ್ಟ ಮುದುಕಿ ಅಂಕಲ್‌ಗೆ ಪಕ್ಕದ ಮನೆ. ಅಂಕಲ್ ಗಡ್ಡ ನೀವಿಕೊಳ್ಳುತ್ತಾ ಬಹಳ ಹೊತ್ತು ನಿಂತರು.

"ಇದನ್ನ ಎಲ್ಲೋ ನೋಡಿದೀನಲ್ಲ ದ್ವಾರಕಾ... ನಮ್ಮ ಪಕ್ಕದ ಮನೆ ಅಜ್ಜಿ ಹತ್ರಾನೂ ಥೇಟ್ ಇಂಥದ್ದೇ ಇತ್ತು."

"ಆ ಕಾಲದಲ್ಲಿ ಎರಡೇ ಪ್ರಿಂಟ್ ಹಾಕಿದ್ರು ಅಂಕಲ್" ಎಂದ ದ್ವಾರಕಾನಾಥ.

ಎರಡರಲ್ಲಿ ಎರಡೂ ನಮ್ಮ ಜಿಲ್ಲೆಯಾದ ಡುಪೇಜ್ ಕೌಂಟಿಗೇ ಬಂದದ್ದು ಹೇಗೆಂದು ಅಂಕಲ್ ಕೇಳುವುದರಲ್ಲಿದ್ದರು. ಅಷ್ಟರಲ್ಲಿ ಅವರ ಬೆರಳು ಒಂದು ಹೆಸರಿನ ಮೇಲೆ ನಿಂತಿತು. "ಕ್ಲೋಸ್‌ಪೇಟೆ! ಅರೆ, ತಾಹೇರಾ, ಇಲ್ಲಿ ನೋಡು! ನಮ್ಮ ರಾಮನಗರ! ನಮ್ಮ ದಾದಾ ಸಾಯೋವರೆಗೂ ಕ್ಲೋಸ್‌ಪೇಟೆ ಅಂತಲೇ ಅಂತಿದ್ರು. ರೇಷ್ಮೆಗೂಡಿನ ಮೂಟೆ ಮೇಲೂ ಅದನ್ನೇ ಬರೆಸೋರು." ಅಂಕಲ್ ಕಣ್ಣೊರೆಸಿಕೊಂಡರು. ಪಕ್ಕದ ಮನೆ ಅಜ್ಜಿ ಮರೆತೇ ಹೋದಳು.

ಎಲ್ಲರಿಗೂ ಇಂಥ ಸುಖ ಸಿಗಲಿಲ್ಲ. ಪ್ಲೇನ್‌ಫೀಲ್ಡ್‌ನಿಂದ ಬಂದ ಗದಿಗೆಪ್ಪನವರು ಮ್ಯಾಪಿನ ತುದಿಯಿಂದ ಬುಡದವರೆಗೆ ಎರಡು ಸಲ ಹುಡುಕಿ ಸಿಟ್ಟಾದರು.

"ಏನ್ರೀ ಇದು, ನಮ್ಮ ರೋಣ ಎಲ್ಲಿ ಐತ್ರೀ?"

"ಆಗ ರೋಣ ಮೈಸೂರಿಗೆ ಸೇರಿರಲಿಲ್ಲ ಸಾರ್. ಬಾಂಬೆ ಪ್ರೆಸಿಡೆನ್ಸಿ. ಫ್ರೇಮಿಂದ ಆಚೆ ಬರುತ್ತೆ."

"ಆಚೆ ಅಂದ್ರ? ಗ್ವಾಡಿ ಮ್ಯಾಲ?"

"ಹೌದು ಸಾರ್, ಒಂದು ಗೇಣು ಮೇಲೆ."

ಗದಿಗೆಪ್ಪನವರು ಎದ್ದು ಹೋಗಿ, ಫೋನಿನ ಪಕ್ಕದಲ್ಲಿದ್ದ ಹಳದಿ ಅಂಟುಚೀಟಿ ಕಿತ್ತು, 'ರೋಣ' ಎಂದು ಬರೆದು, ಫ್ರೇಮಿನಿಂದ ಒಂದು ಗೇಣು ಮೇಲೆ ಗೋಡೆಗೆ ಬಡಿದರು. ಅದನ್ನು ನೋಡಿದ ಮಂಗಳೂರಿನವರು ಎಡಗಡೆಯ ಗೋಡೆ ಹಿಡಿದರು. ಬೀದರಿನವರೊಬ್ಬರು ಕುರ್ಚಿ ಹತ್ತಿ ಸೂರಿನ ಹತ್ತಿರ ಹೋದರು. ಆಗಸ್ಟಿನ ಹೊತ್ತಿಗೆ ಏಕೀಕರಣ ಪೂರ್ತಿಯಾಗಿ, ಸೋಫಾದ ಮೇಲೆ ಅಖಂಡ ಕರ್ನಾಟಕ ಹರಡಿಕೊಂಡಿತ್ತು.

ಮನೆಯಲ್ಲಿ ಅಸಮಾಧಾನ ಉಳಿದದ್ದು ಒಬ್ಬರಿಗೆ ಮಾತ್ರ. ಬಂಗಾರಪೇಟೆ ಮ್ಯಾಪಿನಲ್ಲಿ ಸಿಗಲಿಲ್ಲ. ಸಾಕಮ್ಮನವರಿಗೆ ಇಂಗ್ಲಿಷ್ ಓದಲು ಬರದು. ಅಳಿಯನೇ ಹುಡುಕಿ, "ಸಣ್ಣ ಊರು ಅತ್ತೆ, ಬಿಟ್ಟುಬಿಟ್ಟಿದಾರೆ" ಎಂದ.

"ಜಂಕ್ಷನ್ ಅದು!" ಎಂದರು ಸಾಕಮ್ಮನವರು. "ನಿಮ್ಮ ಮುತ್ತಾತ ಆನೆ ಮೇಲೆ ಕೂತು ಅದೇನು ನೋಡಿದ್ರೋ!" ಎರಡು ದಿನ ಅಳಿಯನಿಗೆ ಸಪ್ಪೆ ಸಾರು. ಜೊತೆಗೆ ನನಗೂ.

ಇಂಥ ಸಮಯದಲ್ಲಿ ಡೆಟ್ರಾಯಿಟ್ ಹತ್ತಿರದ ಟ್ರಾಯ್ ಊರಿನ ಕನ್ನಡ ಗೆಳೆಯರ ಕೂಟದ ಅಧ್ಯಕ್ಷ ವಿಜಯ್ ಕುಮಾರ್ ಫೋನ್ ಮಾಡಿದರು. "ನಿಮ್ಮ ಮುತ್ತಾತನವರ ಬಗ್ಗೆ ಬಹಳ ಕೇಳಿದೀವಿ. ಶನಿವಾರ ನಾಲ್ಕು ಗಂಟೆಗೆ ಉಪನ್ಯಾಸ ಕೊಡಬೇಕು. ಮ್ಯಾಪೂ ತನ್ನಿ. ಊಟ ಇದೆ. ರಾತ್ರಿ ನಮ್ಮಲ್ಲೇ ಉಳೀಬೇಕು." ಆಗುವುದಿಲ್ಲ ಎನ್ನಲು ದ್ವಾರಕಾನಾಥನಿಗೆ ಒಳ್ಳೆಯ ಅವಕಾಶವಿತ್ತು. ಆದರೆ ಅದೇ ಲೈನಿನ ಇನ್ನೊಂದು ಫೋನು ಬೆಡ್‌ರೂಮಿನಲ್ಲಿತ್ತು. ಅದನ್ನು ಕಿವಿಗಿಟ್ಟುಕೊಂಡಿದ್ದ ಸಾಕಮ್ಮನವರು, "ಬರ್ತಾರೆ!" ಎಂದುಬಿಟ್ಟರು.

ಶನಿವಾರ ಬೆಳಿಗ್ಗೆ ಹೊರಟೆವು. ಮ್ಯಾಪನ್ನು ಸಾಕಮ್ಮನವರ ಹಳೆಯ ಸೀರೆಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಮಲಗಿಸಿದ್ದಾಯಿತು. ಹಿಂದಿನ ಸೀಟಿನಲ್ಲಿ ಅವರು, ನಾನು, ನಡುವೆ ಪುಳಿಯೋಗರೆ ಡಬ್ಬಿ. "ಬಾರ್ಡರ್ ಹತ್ರದ ಊರು, ಪಾಸ್‌ಪೋರ್ಟ್ ಇಟ್ಕೋ ಬೇಟಿ" ಎಂದು ತಾಹೇರಾ ಆಂಟಿ ಹೇಳಿದ್ದರಿಂದ ಲತಾಶ್ರೀ ಎಲ್ಲರ ಪಾಸ್‌ಪೋರ್ಟನ್ನೂ ಚೀಲಕ್ಕೆ ಹಾಕಿಕೊಂಡಿದ್ದಳು. ವಿಜಯ್ ಕುಮಾರ್ ಹೇಳಿದ ದಾರಿಯನ್ನು ಬರೆದುಕೊಳ್ಳಲು ಪೆನ್ನು ತೆಗೆದಾಗ ಮಾತ್ರ ಗಂಡ ಬಿಡಲಿಲ್ಲ. "ನೈಂಟಿಫೋರ್ ಹೈವೇ ಹಿಡಿದು ಪೂರ್ವಕ್ಕೆ, ಸೆವೆಂಟಿಫೈವ್ ಹಿಡಿದು ಉತ್ತರಕ್ಕೆ. ಇದಕ್ಕೆಲ್ಲ ಕಾಗದ ಯಾಕೆ?"

ಮಿಷಿಗನ್ ಮುಗಿಯುತ್ತಾ ಬಂದಾಗ ಲತಾಶ್ರೀ ಪೆಟ್ರೋಲ್ ಬಂಕಿನ ಗಡಿಯಾರ ನೋಡಿದಳು. ನಮ್ಮ ಗಡಿಯಾರಕ್ಕಿಂತ ಒಂದು ಗಂಟೆ ಮುಂದೆ. ಡೆಟ್ರಾಯಿಟಿನ ಸಮಯವೇ ಬೇರೆ ಎಂಬುದು ದಿಕ್ಕು ಬಲ್ಲವನ ತಲೆಗೆ ಬಂದಿರಲಿಲ್ಲ. ದ್ವಾರಕಾನಾಥ ಆಕ್ಸಿಲರೇಟರ್ ಒತ್ತಿದ. ಆ ಅವಸರದಲ್ಲಿ ಸೆವೆಂಟಿಫೈವ್ ಉತ್ತರದ ಎಕ್ಸಿಟ್ ಬಲಗಡೆ ಬಂದು, ನಮ್ಮನ್ನು ನೋಡಿ, ಹಿಂದೆ ಉಳಿಯಿತು. ಅವನು ಮುಂದಿನದಕ್ಕೆ ಇಳಿದ, ಎರಡು ಬೀದಿ ಸುತ್ತಿದ, ಮತ್ತೆ ಹೆದ್ದಾರಿ ಹತ್ತಿದ.

"ರೀ, ಬ್ರಿಡ್ಜ್ ಟು ಕೆನಡಾ ಅಂತ ಬೋರ್ಡಿದೆ" ಎಂದಳು ಲತಾಶ್ರೀ.

"ಅದು ಆ ಕಡೆ ಹೋಗೋರಿಗೆ. ಸೂರ್ಯ ಎಲ್ಲಿದಾನೆ ನೋಡು, ಬಲಕ್ಕೆ. ಅಂದ್ರೆ ನಾವು ಹೋಗ್ತಿರೋದು ದಕ್ಷಿಣಕ್ಕೆ. ತಪ್ಪು ದಿಕ್ಕೇನೋ ಹೌದು, ಮುಂದೆ ತಿರುಗಿಸ್ಕೋತೀನಿ. ಆದ್ರೆ ದಕ್ಷಿಣಕ್ಕೆ ಹೋದ್ರೆ ಒಹಾಯೋ ಬರುತ್ತೆ, ಕೆನಡಾ ಹ್ಯಾಗೆ ಬರುತ್ತೆ? ಕೆನಡಾ ಇರೋದು ಉತ್ತರಕ್ಕೆ. ಒಂದನೇ ಕ್ಲಾಸಿನ ಮಗೂಗೂ ಗೊತ್ತು!"

"ಇನ್ನೊಂದು ಬೋರ್ಡು..."

"ಲತಾ, ಮ್ಯಾಪ್ ಬಗ್ಗೆ ನಂಗೆ ಹೇಳ್ಕೊಡ್ತೀಯಾ?"

ಟೋಲ್ ಬಂತು. ಶಿಕಾಗೋದವರಿಗೆ ಟೋಲ್ ಹೊಸದೇನು? ಕೊಟ್ಟು ಮುಂದೆ ಹೋದೆವು. ಕೆಳಗೆ ದೊಡ್ಡ ನದಿ. "ಎಷ್ಟು ಚೆನ್ನಾಗಿದೆ ಹೊಳೆ!" ಎಂದರು ಸಾಕಮ್ಮನವರು. ಸೇತುವೆಯ ನಡುವೆ ಎರಡು ಬಾವುಟಗಳು. ಒಂದು ನಮಗೆ ಗೊತ್ತಿದ್ದದ್ದು. ಇನ್ನೊಂದರಲ್ಲಿ ಕೆಂಪು ಎಲೆ.

ಎಲೆಯ ಅರ್ಥ ಎಲ್ಲರಿಗೂ ಆಗಿತ್ತು, ಸಾಕಮ್ಮನವರನ್ನು ಬಿಟ್ಟು. "ಬೋರ್ಡಿನಲ್ಲಿ ಏನು ಬರೆದಿದೆ?" ಎಂದು ಕೇಳಿದರು.

"ಕೆನಡಾಗೆ ಸ್ವಾಗತ ಅಂತ" ಎಂದೆ.

"ಅಯ್ಯೋ, ಒಳ್ಳೇದಾಯ್ತಲ್ಲ, ಅದನ್ನೂ ನೋಡಿದ ಹಾಗಾಯ್ತು!"

ಸೇತುವೆಯ ಮೇಲೆ ಕಾರು ಹಿಂತಿರುಗಿಸುವಂತಿರಲಿಲ್ಲ. ದ್ವಾರಕಾನಾಥನ ಮುಖ ಮೊಸರಿನ ಬಣ್ಣಕ್ಕೆ ಬಂದಿತ್ತು. "ವಕೀಲ... ಗ್ರೀನ್ ಕಾರ್ಡು... ಮುಗೀತು ಲತಾ, ಮುಗೀತು..."

ಆಚೆಯ ದಡದ ಗೂಡಿನಲ್ಲಿದ್ದವನು ನಮ್ಮ ತೊದಲು ಕೇಳಿ ಒಳಗಿನ ಕೋಣೆಗೆ ಕಳಿಸಿದ. ಅಲ್ಲಿ ಐವತ್ತು ದಾಟಿದ ಒಬ್ಬ ಆಫೀಸರಮ್ಮ, ಎತ್ತರದ ಹೆಂಗಸು, ಕತ್ತಿಗೆ ಕಟ್ಟಿದ ದಾರದಲ್ಲಿ ಕನ್ನಡಕ.

"ಎಲ್ಲಿಗೆ ಹೊರಟಿದ್ರಿ?"

"ಟ್ರಾಯ್‌ಗೆ ಮೇಡಂ. ಟ್ರಾಯ್, ಮಿಷಿಗನ್."

"ಅದು ನಿಮ್ಮ ಬೆನ್ನ ಹಿಂದಿದೆ. ಬೇರೆ ದೇಶದಲ್ಲಿದೆ."

"ಮೇಡಂ, ನಾನು ದಕ್ಷಿಣಕ್ಕೆ ಬಂದೆ. ಕೆನಡಾ ಉತ್ತರಕ್ಕಿದೆ."

ಆಕೆ ಗೋಡೆಯ ಮೇಲಿದ್ದ ದೊಡ್ಡ ಮ್ಯಾಪಿನ ಹತ್ತಿರ ಹೋಗಿ, ಹೊಳೆ ಡೊಂಕಾಗಿ ತಿರುಗುವ ಜಾಗಕ್ಕೆ ಬೆರಳಿಟ್ಟಳು. ಮೇಲೆ ಡೆಟ್ರಾಯಿಟ್. ಕೆಳಗೆ ವಿಂಡ್ಸರ್. "ಇಲ್ಲಿ ಮಾತ್ರ ಕೆನಡಾ ದಕ್ಷಿಣಕ್ಕಿದೆ."

ದ್ವಾರಕಾನಾಥ ಆ ಮ್ಯಾಪನ್ನು ನೋಡಿದ. ಹತ್ತಿರ ಹೋಗಿ ನೋಡಿದ. ತಲೆ ಓರೆ ಮಾಡಿ ನೋಡಿದ. ಕೊನೆಗೆ, ಮೂರು ತಿಂಗಳು ಡುಪೇಜ್ ಕೌಂಟಿಗೆಲ್ಲ ಮ್ಯಾಪಿನ ಮಹಿಮೆ ಸಾರಿದ ಮನುಷ್ಯ, "ನಿಮ್ಮ ಮ್ಯಾಪು ತಪ್ಪಿದೆ" ಎಂದ.

ಆಕೆ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಡಿಕ್ಕಿ ತೆಗೆದು ತೋರಿಸಲು ಹೇಳಿದಳು.

ಸೀರೆ ಸುತ್ತಿದ ಮ್ಯಾಪು ಮೇಜಿನ ಮೇಲೆ ಬಂತು. "ಇದೇನು?"

"ಹಳೇ ಮ್ಯಾಪು ಮೇಡಂ."

"ಎಷ್ಟು ಹಳೇದು? ಯಾರದ್ದು?"

ಸಾಕಮ್ಮನವರಿಗೆ ಇಂಗ್ಲಿಷ್ ಬರದಿದ್ದರೂ 'ಮ್ಯಾಪು' ತಿಳಿಯಿತು. ಎದ್ದು ನಿಂತು ಗತ್ತಿನಿಂದ ಹೇಳಿದರು: "ಹೇಳಿ ಅಳಿಯಂದ್ರೇ, ಮುತ್ತಾತಂದು ಅಂತ! ಆನೆ ವಿಷಯಾನೂ ಹೇಳಿ!"

"ನನ್ನ ಮುತ್ತಾತಂದು. ನೂರು ವರ್ಷ ಆಗಿದೆ" ಎಂದ ದ್ವಾರಕಾನಾಥ.

"ಇಂಡಿಯಾದಿಂದ ತಂದದ್ದಾ? ನೂರು ವರ್ಷದ ವಸ್ತು ಅಲ್ಲಿಂದ ಹೊರಗೆ ತರೋಕೆ ಅನುಮತಿ ಪತ್ರ ಬೇಕಲ್ಲ? ಎಲ್ಲಿ?"

ದ್ವಾರಕಾನಾಥ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಲತಾಶ್ರೀ ಸೂರು ನೋಡಿದಳು. ಒಂದು ಕಡೆ ಗ್ರೀನ್ ಕಾರ್ಡು, ಇನ್ನೊಂದು ಕಡೆ ಅತ್ತೆ. ಅವನು ಆಫೀಸರಮ್ಮನ ಕಡೆಗೆ ಬಾಗಿ, ಆದಷ್ಟು ಮೆಲ್ಲಗೆ, "ಗರಾಜ್ ಸೇಲ್" ಎಂದ.

ಅವನ ದುರದೃಷ್ಟ ನೋಡಿ. ಬೇಸಿಗೆಯುದ್ದಕ್ಕೂ ತಾಹೇರಾ ಆಂಟಿ ಸಾಕಮ್ಮನವರನ್ನು ಶನಿವಾರ ಶನಿವಾರ ಸುತ್ತಾಡಿಸಿದ್ದರು. ಅಮೆರಿಕದಲ್ಲಿ ಸಾಕಮ್ಮನವರು ಪೂರ್ತಿಯಾಗಿ ಕಲಿತ ಇಂಗ್ಲಿಷ್ ಅಂದರೆ ಅವೆರಡೇ ಪದ.

"ಏನಂದ್ರಿ?" ಎಂದರು. "ಗರಾಜ್ ಸೇಲಾ?"

"ಅತ್ತೆ, ಅದೂ..."

"ಹಾಗಾದ್ರೆ ಮುತ್ತಾತ?"

"ಇದ್ರು ಅತ್ತೆ. ಇರಲೇಬೇಕಲ್ಲ. ಆದ್ರೆ ಮ್ಯಾಪಿಗೂ ಅವರಿಗೂ..."

"ಆನೆ?"

ದ್ವಾರಕಾನಾಥ ಗೋಡೆಯ ಮ್ಯಾಪಿನ ಕಡೆ ತಿರುಗಿದ.

"ಹುಲಿ?" ಸಾಕಮ್ಮನವರು ನನ್ನ ಕಡೆ ತಿರುಗಿದರು. "ಮಂಜಣ್ಣ, ನಿನಗೆ ಗೊತ್ತಿತ್ತೇನಪ್ಪಾ?" ನಾನು ಆ ಕ್ಷಣದಲ್ಲಿ ಕೆನಡಾದಲ್ಲೇ ಆಶ್ರಯ ಕೇಳಿಬಿಡಲೇ ಎಂದು ಯೋಚಿಸುತ್ತಿದ್ದೆ.

ಈ ಗಲಾಟೆಯಲ್ಲಿ ಆಫೀಸರಮ್ಮ ಮ್ಯಾಪಿನ ಮೇಲೆ ಬಗ್ಗಿದ್ದನ್ನು ಯಾರೂ ಗಮನಿಸಲಿಲ್ಲ. ಆಕೆಯ ಬೆರಳು ಬಲಮೂಲೆಯ ಒಂದು ರೈಲು ಗೆರೆಯ ಮೇಲೆ ನಿಧಾನವಾಗಿ ಹೋಗಿ ಒಂದು ಹೆಸರಿನ ಹತ್ತಿರ ನಿಂತಿತು. ಆಕೆ ಅದನ್ನು ಗಟ್ಟಿಯಾಗಿ ಓದಿದಳು. "ಬೌರಿಂಗ್‌ಪೆಟ್."

ಸಾಕಮ್ಮನವರ ಬೈಗುಳ ಅರ್ಧಕ್ಕೆ ನಿಂತಿತು. "ಯಾರು ಬೌರಿಂಗ್‌ಪೇಟೆ ಅಂದಿದ್ದು?"

ಎಲ್ಲರೂ ಆಫೀಸರಮ್ಮನನ್ನು ತೋರಿಸಿದೆವು.

"ಅದು ನಮ್ಮೂರು! ಬಂಗಾರಪೇಟೆಗೆ ನಾನು ಚಿಕ್ಕೋಳಿದ್ದಾಗ ಬೌರಿಂಗ್‌ಪೇಟೆ ಅಂತಲೇ ಅಂತಿದ್ದಿದ್ದು! ಈಯಮ್ಮನಿಗೆ ಹ್ಯಾಗೆ ಗೊತ್ತು? ಕೇಳು ಲತಾ, ಕೇಳೇ!"

ಲತಾಶ್ರೀ ಕೇಳಿದಳು. ಆಫೀಸರಮ್ಮ ಹೇಳಿದ್ದು ಇಷ್ಟು. ಆಕೆಯ ಅಜ್ಜ ಇಂಗ್ಲೆಂಡಿನಿಂದ ಕೋಲಾರದ ಚಿನ್ನದ ಗಣಿಗೆ ಹೋದವನು. ತಾಯಿ ಹುಟ್ಟಿದ್ದು ಗಣಿಯ ಬಂಗಲೆಯಲ್ಲಿ. ಸ್ವಾತಂತ್ರ್ಯ ಬಂದ ಮೇಲೆ ಎಲ್ಲರೂ ಕೆನಡಾದ ಸಡ್‌ಬರಿಗೆ, ಮತ್ತೊಂದು ಗಣಿಗೆ ಬಂದರು. ಅಜ್ಜಿ ಮಾತ್ರ ಚಳಿಗಾಲ ಬಂತೆಂದರೆ ಬೌರಿಂಗ್‌ಪೆಟ್ ಸ್ಟೇಷನ್ನಿನ ಬಿಸಿಲನ್ನು ನೆನೆಯುತ್ತಿದ್ದಳು. ಅಜ್ಜಿ ಸತ್ತ ಮೇಲೆ ಮೊಮ್ಮಗಳು ಆ ಊರನ್ನು ಎಷ್ಟೋ ಅಟ್ಲಾಸುಗಳಲ್ಲಿ ಹುಡುಕಿದಳು. ಸಿಗಲಿಲ್ಲ. ಮುದುಕಿ ಕಲ್ಪಿಸಿಕೊಂಡದ್ದು ಎಂದು ಮನೆಯವರು ತೀರ್ಮಾನಿಸಿದರು. "ಅಲ್ಲಿ ಬಾಟಲಿಯ ಕತ್ತಿನಲ್ಲಿ ಗಾಜಿನ ಗೋಲಿ ಇಟ್ಟು ಒಂದು ಪಾನೀಯ ಮಾರುತ್ತಿದ್ದರಂತೆ. ಅದನ್ನಂತೂ ನಾವು ನಂಬಲೇ ಇಲ್ಲ" ಎಂದಳು ಆಕೆ.

ಲತಾಶ್ರೀ ಅನುವಾದ ಮುಗಿಸುವ ಮೊದಲೇ ಸಾಕಮ್ಮನವರು ಮೇಜಿನ ಹತ್ತಿರ ಹೋಗಿದ್ದರು. ಎಡಗೈ ಮುಷ್ಟಿ ಕಟ್ಟಿ ಬಾಟಲಿ ಮಾಡಿದರು. ಬಲಗೈ ಹೆಬ್ಬೆರಳಿನಿಂದ ಅದರ ಬಾಯಿಗೆ ಗುದ್ದಿದರು. ತುಟಿ ಬಿಗಿದು, "ಟುಸ್ಸ್!" ಎಂದರು. ಪಕ್ಕದ ಮೇಜಿನಲ್ಲಿದ್ದ ಪೊಲೀಸಿನವನು ಎದ್ದು ನಿಂತ.

"ನಮ್ಮಪ್ಪನ ಸೋಡ ಕಣಮ್ಮಾ ಅದು! ಪ್ಲಾಟ್‌ಫಾರ್ಮ್ ಮೇಲೆ ಗೋಲಿ ಸೋಡ ಮಾರ್ತಿದ್ದಿದ್ದು ನಮ್ಮಪ್ಪನೇ! ದೊರೆಸಾನಿಯರು ಕಿಟಕಿಯಿಂದ ಕೈ ಚಾಚೋರು. ಖಾಲಿ ಬಾಟ್ಲು ಈಸ್ಕೊಳ್ಳೋಕೆ ನಾನು ಬೋಗಿ ಬೋಗಿಗೂ ಓಡ್ತಿದ್ದೆ. ಬಾಟ್ಲು ಅಷ್ಟೂ ವಾಪಸ್ ಬರೋವರೆಗೂ ಗಾರ್ಡು ಬಾವುಟ ಎತ್ತುತಿರಲಿಲ್ಲ, ಅಷ್ಟು ಸ್ನೇಹ ನಮ್ಮಪ್ಪಂಗೂ ಅವನಿಗೂ..."

ಅಲ್ಲಿಗೆ ಸಾಕಮ್ಮನವರು ನಾಲಿಗೆ ಕಚ್ಚಿಕೊಂಡರು. ಕೋಣೆಯಲ್ಲಿ ಕನ್ನಡ ಬಲ್ಲ ನಾವು ಉಳಿದ ಮೂವರೂ ಅವರನ್ನೇ ನೋಡುತ್ತಿದ್ದೆವು.

"ರೈಲ್ವೇಲಿ ಇದ್ರು ಅಂದ್ರಲ್ಲ ಅತ್ತೆ?" ಎಂದ ದ್ವಾರಕಾನಾಥ, ಮೆಲ್ಲಗೆ.

"ರೈಲ್ವೆ ಸ್ಟೇಷನ್ನಿನಲ್ಲಿ ಇದ್ರು" ಎಂದರು ಸಾಕಮ್ಮನವರು. ಸೆರಗು ಸರಿ ಮಾಡಿಕೊಂಡರು. ಆಮೇಲೆ ಅವರಿಗೇ ತಡೆಯಲಾಗದೆ ನಗು ಬಂತು. ಮೊದಲು ಭುಜ ಕುಣಿಯಿತು, ಆಮೇಲೆ ಹೊಟ್ಟೆ. ಲತಾಶ್ರೀ ನಕ್ಕಳು, ನಾನು ನಕ್ಕೆ. ಗ್ರೀನ್ ಕಾರ್ಡಿನ ಚಿಂತೆಯಲ್ಲಿದ್ದ ದ್ವಾರಕಾನಾಥನೂ ಅಳುಮುಖದಲ್ಲೇ ನಕ್ಕ. ಏನೂ ಅರ್ಥವಾಗದಿದ್ದ ಆಫೀಸರಮ್ಮ ತನ್ನ ಮುಷ್ಟಿಗೆ ಹೆಬ್ಬೆರಳು ಗುದ್ದಿ, "ಟುಸ್ಸ್?" ಎಂದಳು.

"ಹಾಗಲ್ಲ, ಇನ್ನೂ ಜೋರಾಗಿ" ಎಂದು ಸಾಕಮ್ಮನವರು ಅವಳ ಕೈ ಹಿಡಿದು ತಿದ್ದಿಕೊಟ್ಟರು.

ಮ್ಯಾಪನ್ನು ಇಟ್ಟುಕೊಳ್ಳಿ ಎಂದು ಅವರು ಒತ್ತಾಯಿಸಿದರು. ಕೆಲಸದಲ್ಲಿರುವಾಗ ಉಡುಗೊರೆ ತೆಗೆದುಕೊಳ್ಳುವಂತಿಲ್ಲ ಎಂದಳು ಆಕೆ. ಬದಲಿಗೆ ಆ ಬಲಮೂಲೆಯನ್ನು ಆಫೀಸಿನ ಜೆರಾಕ್ಸ್ ಮೆಷಿನ್ನಿನ ಮೇಲಿಟ್ಟು ಪ್ರತಿ ತೆಗೆದುಕೊಂಡಳು. ಇವರು ದಾರಿ ತಪ್ಪಿ ಬಂದವರು, ಒಳಗೆ ಬಿಟ್ಟಿಲ್ಲ, ಹಾಗೇ ಹಿಂದಕ್ಕೆ ಕಳಿಸಲಾಗಿದೆ ಎಂದು ಒಂದು ಚೀಟಿ ಬರೆದುಕೊಟ್ಟಳು. ಕಾರಿನವರೆಗೂ ಬಂದು ಸಾಕಮ್ಮನವರನ್ನು ತಬ್ಬಿಕೊಂಡಳು.

ಸೇತುವೆಯ ಈ ತುದಿಯಲ್ಲಿ ಅಮೆರಿಕದ ಅಧಿಕಾರಿ ಚೀಟಿ ಓದಿ, ಪಾಸ್‌ಪೋರ್ಟುಗಳನ್ನು ತಿರುವಿ, ಆಕಳಿಸಿದ. ದ್ವಾರಕಾನಾಥ, "ಸರ್, ನನ್ನ ಗ್ರೀನ್ ಕಾರ್ಡ್ ಅಪ್ಲಿಕೇಶನ್ನಿಗೆ..." ಎಂದ.

"ದಿನಾ ಬರ್ತಾರೆ ನಿಮ್ಮಂಥೋರು" ಎಂದ ಅಧಿಕಾರಿ. "ನೀವು ಎಲ್ಲಿಗೂ ಹೋಗೇ ಇಲ್ಲ. ನಡೀರಿ."

ಬದುಕಿದೆನಲ್ಲ ಎಂಬ ಸಂತೋಷದ ಜೊತೆಗೆ, ದಿನಾ ಬರುವವರಲ್ಲಿ ತಾನೂ ಒಬ್ಬನೇ ಎಂಬ ಸಣ್ಣ ನೋವು ದ್ವಾರಕಾನಾಥನ ಮುಖದಲ್ಲಿ ಕಂಡಿತು. ಕೀಲಿ ಹೆಂಡತಿಯ ಕೈಗೆ ಕೊಟ್ಟ. ಅವಳು ಒಂದು ಬಂಕಿನಲ್ಲಿ ನಿಲ್ಲಿಸಿ ದಾರಿ ಕೇಳಿ ನೇರ ಟ್ರಾಯ್ ತಲುಪಿಸಿದಳು.

ಕೂಟದ ಸಭಾಂಗಣದಲ್ಲಿ ಜನ ಆಗಲೇ ಬಿಸಿಬೇಳೆಬಾತಿಗೆ ಕೈ ಹಾಕಿದ್ದರು. ವಿಜಯ್ ಕುಮಾರ್ ಮೈಕ್ ಹಿಡಿದು, ತಾವು ಚಿತ್ರದುರ್ಗದ ಪಾಳೇಗಾರರ ವಂಶದವರೆಂಬುದನ್ನು ಮೊದಲು ನೆನಪಿಸಿ, ಆಮೇಲೆ ಮುತ್ತಾತನನ್ನು ಪರಿಚಯಿಸಿದರು. ಅವರ ಬಾಯಲ್ಲಿ ಒಂದು ಆನೆ ಮೂರಾಗಿತ್ತು. ದ್ವಾರಕಾನಾಥ ಎದ್ದು ನಿಂತು, "ಇದು ನಮ್ಮ ಮುತ್ತಾತಂದಲ್ಲ. ಗರಾಜ್ ಸೇಲ್‌ನಲ್ಲಿ ತಂದದ್ದು. ಗೋಡೇಲಿ ತೂತಿತ್ತು" ಎಂದ.

ಜನ ಬಿದ್ದು ಬಿದ್ದು ನಕ್ಕು ಚಪ್ಪಾಳೆ ಹೊಡೆದರು. "ಎಷ್ಟು ವಿನಯ ನೋಡಿ!" ಎಂದರು ವಿಜಯ್ ಕುಮಾರ್. "ಅಂಥ ಮನೆತನದವರಿಗೆ ಮಾತ್ರ ಸಾಧ್ಯ." ದ್ವಾರಕಾನಾಥ ಎರಡನೇ ಸಲ ಹೇಳಿದ. ಚಪ್ಪಾಳೆ ಹೆಚ್ಚಾಯಿತು. ಕೊನೆಗೆ ಸಾಕಮ್ಮನವರು ಬಂದು ಮೈಕ್ ಕಿತ್ತುಕೊಂಡರು.

"ನಮ್ಮ ಅಳಿಯಂದ್ರು ಹೇಳ್ತಿರೋದು ನಿಜ. ನಾನೂ ಒಂದು ನಿಜ ಹೇಳ್ತೀನಿ. ನಮ್ಮಪ್ಪ ಬೌರಿಂಗ್‌ಪೇಟೆ ಸ್ಟೇಷನ್ನಿನಲ್ಲಿ ಗೋಲಿ ಸೋಡ ಮಾರ್ತಿದ್ರು. ಅವರ ಸೋಡ ಕುಡಿದೋರ ಮೊಮ್ಮಗಳನ್ನ ಈಗ ತಾನೇ ಕೆನಡಾದಲ್ಲಿ ಕಂಡು ಬಂದೆ. ಇನ್ನು ನೀವು ಬಂದು ನಿಮ್ಮ ನಿಮ್ಮ ಊರು ಹುಡುಕ್ಕೊಳ್ಳಿ. ಸುಳ್ಳು ಹೇಳೋರು ಎಣ್ಣೆ ಕೈ ತೊಳ್ಕೊಂಡಾದ್ರೂ ಬನ್ನಿ."

ಜನ ತಟ್ಟೆ ಕೆಳಗಿಟ್ಟರು. ಆಮೇಲೆ ಒಬ್ಬೊಬ್ಬರೇ ಎದ್ದು ಬಂದರು. ಭಾನು ಎಂಬ ಹೆಂಗಸು ಶಿವಮೊಗ್ಗದ ಮೇಲೆ ಬೆರಳಿಟ್ಟು, ತನ್ನ ತಾತ ಅಲ್ಲಿ ಟಾಂಗಾ ಹೊಡೆಯುತ್ತಿದ್ದ, ಕುದುರೆಯ ಹೆಸರು ಮಹಾರಾಣಿ ಎಂದಳು. ಸ್ವಾತಂತ್ರ್ಯ ಹೋರಾಟಗಾರರ ಮೊಮ್ಮಗನೆಂದು ಹೆಸರಾದ ಗೋಪಿ ಎಂಬುವವರು, ತಾತ ಜೈಲಿಗೆ ಹೋದದ್ದು ನಿಜ, ಆದರೆ ಹೆಂಡದ ಕೇಸಿನಲ್ಲಿ ಎಂದು ಒಪ್ಪಿಕೊಂಡು ಹಗುರಾದರು. ಎಲ್ಲರೂ ಹೋದ ಮೇಲೆ, ಕುರ್ಚಿ ಮಡಚುತ್ತಿದ್ದ ವಿಜಯ್ ಕುಮಾರ್ ನನ್ನ ಹತ್ತಿರ ಬಂದು, "ಅಡುಗೆ ಮಾಡೋರು ಕಣ್ರೀ ನಮ್ಮ ತಾತ. ಆದ್ರೆ ಕೋಟೆ ಪಕ್ಕದಲ್ಲೇ" ಎಂದರು.

ಮಾರನೆಯ ದಿನ ಭಾನುವಾರ ವಾಪಸ್ ಹೊರಟೆವು. ಲತಾಶ್ರೀಯೇ ಡ್ರೈವ್ ಮಾಡುತ್ತಿದ್ದಳು. ಮಿಷಿಗನ್ನಿನಲ್ಲೇ ಕಾಲಮಜೂ ಊರು ದಾಟುವ ಮೊದಲು ಹೆದ್ದಾರಿ ಪಕ್ಕದ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿದೆವು. ಸಾಕಮ್ಮನವರು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಾ, "ಅಳಿಯಂದ್ರೇ, ನಿಮ್ಮ ಮುತ್ತಾತನ ಊರು ಯಾವುದು? ಸುಳ್ಳಲ್ಲ, ನಿಜವಾದ್ದು" ಎಂದರು.

"ಹುಲ್ಲಹಳ್ಳಿ ಅತ್ತೆ. ನಂಜನಗೂಡಿನ ಹತ್ರ."

"ಮ್ಯಾಪಲ್ಲಿ ಇದೆಯಾ?"

ದ್ವಾರಕಾನಾಥ ಕಣ್ಣು ಪಿಳಿಪಿಳಿ ಬಿಟ್ಟ. ಊರಿಗೆಲ್ಲ ಊರು ಹುಡುಕಿಕೊಟ್ಟಿದ್ದ. ತನ್ನ ಊರನ್ನು ಅವನು ನೋಡಿಯೇ ಇರಲಿಲ್ಲ. ನೋಡುವ ಅಗತ್ಯ ಬಿದ್ದಿರಲಿಲ್ಲ. ಅವನ ಮುತ್ತಾತ ಆನೆಯ ಮೇಲೆ ಇಡೀ ಸಂಸ್ಥಾನ ಸುತ್ತುತ್ತಿದ್ದನಲ್ಲ.

ಡಿಕ್ಕಿಯಿಂದ ತೆಗೆದು, ಕಾರಿನ ಬಾನೆಟ್ಟಿನ ಮೇಲೆ ಸೀರೆ ಹಾಸಿ, ಮ್ಯಾಪು ಇಟ್ಟೆವು. ಅವನು ಕಪಿಲಾ ಹೊಳೆಯ ಗೆರೆ ಹಿಡಿದು ನಂಜನಗೂಡಿನಿಂದ ಮೇಲಕ್ಕೆ ಹೋದ. ಹೊಳೆಯ ಪಕ್ಕದಲ್ಲೇ, ಇರುವೆಯಷ್ಟು ಅಕ್ಷರದಲ್ಲಿ, ಹುಲ್ಲಹಳ್ಳಿ. ಅವನ ಬೆರಳು ಅಲ್ಲಿಂದ ಏಳಲಿಲ್ಲ.

"ಏನಾದ್ರೂ ಗೊತ್ತಾ ಅವರ ಬಗ್ಗೆ?" ಎಂದರು ಅತ್ತೆ.

"ಒಂದೇ ಒಂದು ಗೊತ್ತು ಅತ್ತೆ. ನಮ್ಮಜ್ಜಿ ಹೇಳೋರು. ನಂಜನಗೂಡು ಸಂತೆಗೆ ಅಂತ ಬೆಳಿಗ್ಗೆ ಹೋದ್ರೆ..."

"ಹೋದ್ರೆ?"

"ದಾರಿ ತಪ್ಪಿ, ಮೂರನೇ ದಿನಕ್ಕೆ ಮನೆಗೆ ಬರ್ತಿದ್ರಂತೆ."

ಸಾಕಮ್ಮನವರು ಕಾಫಿ ಲೋಟ ಕೆಳಗಿಟ್ಟು ಬಾನೆಟ್ ಹಿಡಿದುಕೊಂಡು ನಕ್ಕರು. "ಅಂತೂ ವಂಶ ಯಾವುದು ಅಂತ ಗೊತ್ತಾಯ್ತಲ್ಲ! ಸಾಕು ಬಿಡಿ, ನನಗೆ ಸಮಾಧಾನ."

ಆಗ ನಾಯಿ ಅಡ್ಡಾಡಿಸುತ್ತಿದ್ದ ಒಬ್ಬ ಅಮೆರಿಕನ್ ಮುದುಕ ನಮ್ಮನ್ನು ಕಂಡು ಹತ್ತಿರ ಬಂದ. ಬಾನೆಟ್ಟಿನ ಮೇಲೆ ಮ್ಯಾಪು ಹರಡಿಕೊಂಡು ನಿಂತವರು ದಾರಿ ತಪ್ಪಿದವರೇ ಎಂದು ಅವನಿಗೆ ಖಾತ್ರಿಯಾಗಿತ್ತು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಬಹಳ ಶ್ರದ್ಧೆಯಿಂದ ಮ್ಯಾಪಿನ ಮೇಲೆ ಬಗ್ಗಿದ. ಮೇಲಿಂದ ಕೆಳಗೆ ನೋಡಿದ. ಎಡದಿಂದ ಬಲಕ್ಕೆ ನೋಡಿದ. ನೇರವಾಗಿ ನಿಂತು, ನೋಯಿಸಬಾರದೆಂಬ ದನಿಯಲ್ಲಿ ಹೇಳಿದ: "ನಾನು ಹುಟ್ಟಿದ್ದೇ ಈ ರಾಜ್ಯದಲ್ಲಿ. ಇದರಲ್ಲಿರೋ ಒಂದು ಊರಿಗೂ ನಾನು ಹೋಗಿಲ್ಲ. ಇದು ಯಾವ ಕೌಂಟಿ?"

"ಮೈಸೂರು" ಎಂದ ದ್ವಾರಕಾನಾಥ, ಹುಲ್ಲಹಳ್ಳಿಯ ಮೇಲಿಂದ ಬೆರಳೆತ್ತದೆ.

ಮುದುಕ ತಲೆದೂಗಿದ. "ಹಾಗಾದ್ರೆ ನೀವು ಇನ್ನೂ ತುಂಬಾ ದೂರ ಹೋಗಬೇಕು."

"ಏನಂತಾನೆ?" ಎಂದರು ಸಾಕಮ್ಮನವರು.

"ತುಂಬಾ ದೂರ ಇದೆ ಅಂತಾರೆ ಅತ್ತೆ."

"ಗೊತ್ತು ಅಂತ ಹೇಳಿ" ಎಂದು ಅವರು ಇನ್ನೊಂದು ಲೋಟಕ್ಕೆ ಕಾಫಿ ಬಗ್ಗಿಸಿದರು. "ಸಕ್ಕರೆ ಎಷ್ಟು ಕೇಳಿ."